ಕ್ಲಾಸಿಕ್ ರಾಕ್ ಟ್ರಿವಿಯಾ, ಶಿವಮೊಗ್ಗ ಬ್ಯಾಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸಬರು ಬಂದಾಗೆಲ್ಲ ಅದದೇ ಪ್ರಶ್ನೆ, ಅದದೇ ಉತ್ತರ, ಹೇಳಿ ಹೇಳಿ ಸಾಕಾಯ್ತು ಮಾರಾಯ್ರೆ. ಅದಕ್ಕೆ ಎಲ್ಲಾ ಒಂದು ಕಡೆ ಬರೆದಿಟ್ಟಿದೀನಿ, ಓದ್ಕೊಂಡು ಬನ್ನಿ. ಓದದೆ ಬಂದ್ರೆ ಯಾರೂ ಹೊರಗೆ ಹಾಕಲ್ಲ, ಆದ್ರೆ ಆಟದ ಮಧ್ಯ ಎದ್ದು ನಿಂತು ಬೌನ್ಸ್ ಅಂದ್ರೆ ಎಂತ ಅಂತ ಕೇಳ್ಬೇಡಿ.

ಇದು ಎಂತ ಆಟ?

ಹಳೇ ಇಂಗ್ಲಿಷ್ ರಾಕ್ ಹಾಡುಗಳ ಮೇಲೆ ಕ್ವಿಜ್, ಅಷ್ಟೇ. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಲೆಡ್ ಝೆಪೆಲಿನ್, ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್, ಕ್ವೀನ್, ಈಗಲ್ಸ್, ಡೈರ್ ಸ್ಟ್ರೈಟ್ಸ್, ಈ ಕಡೆಯವು. ನಾಲ್ಕೈದು ಟೀಮು, ಟೀಮಿಗೆ ಮೂರು ಜನ, ಪ್ರಶ್ನೆ ಕೇಳೋರು ಒಬ್ರು, ಒಂದು ಸ್ಪೀಕರು, ಒಂದು ದೊಡ್ಡ ಪಾತ್ರೆ ತುಂಬ ಖಾರ ಮಂಡಕ್ಕಿ. ‘ಥಟ್ ಅಂತ ಹೇಳಿ’ ನೋಡ್ಕೊಂಡು ಬೆಳೆದವರಿಗೆ ಇದೇನು ಪೂರ್ತಿ ಹೊಸದಲ್ಲ. ಇಲ್ಲಿ ಥಟ್ ಅಂತ ಹೇಳ್ಲೇಬೇಕು ಅಂತಿಲ್ಲ ಅನ್ನೋದೊಂದೇ ವ್ಯತ್ಯಾಸ, ಟೀಮಲ್ಲಿ ಗುಸುಗುಸು ಮಾತಾಡ್ಕೊಂಡು ಯೋಚ್ನೆ ಮಾಡೋಕೆ ಟೈಮ್ ಕೊಡ್ತೀವಿ.

ಬೌನ್ಸ್, ಪೌನ್ಸ್ ಅಂತೀರಲ್ಲ, ಹಂಗಂದ್ರೆ?

ನಿಮ್ಮ ಟೀಮಿಗೆ ಬಂದ ಪ್ರಶ್ನೆಗೆ ಉತ್ತರ ಬರ್ಲಿಲ್ಲಾಂದ್ರೆ ಅದು ಪಕ್ಕದ ಟೀಮಿಗೆ ಹೋಗತ್ತೆ, ಅದು ಬೌನ್ಸು. ಯಾರು ಉತ್ತರ ಹೇಳಿದ್ರೋ ಅವರ ಮುಂದಿನ ಟೀಮಿಂದ ಮುಂದಿನ ಪ್ರಶ್ನೆ ಶುರು. ಸರದಿ ನಿಮ್ಮದಲ್ಲ ಆದ್ರೂ ಉತ್ತರ ಗೊತ್ತು ಅಂತ ಧೈರ್ಯ ಇದ್ರೆ ಚೀಟಿಯಲ್ಲಿ ಬರೆದು ಕೊಡಬಹುದು, ಅದು ಪೌನ್ಸು, ಸರಿಯಾದ್ರೆ 10 ಬರತ್ತೆ, ತಪ್ಪಾದ್ರೆ 5 ಹೋಗತ್ತೆ. ಬೌನ್ಸಲ್ಲಿ ಬಂದ ಪ್ರಶ್ನೆಗೆ ತಪ್ಪು ಹೇಳಿದ್ರೆ ಏನೂ ಕಳ್ಕೊಳಲ್ಲ. ಇದೇನು ನಮ್ಮ ಇನ್ವೆನ್ಷನ್ ಅಲ್ಲ. ಬೆಂಗಳೂರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಲ್ಲೇ ಶುರುವಾಗಿದ್ದು, ಅಲ್ಲಿನ ಕ್ವಿಜ್‌ಗಳಿಗೆ ಹೋಗಿ ಕೂತು ಬಂದವರು ನಮ್ಮಲ್ಲಿ ಒಂದಿಬ್ರು ಇದ್ದಾರೆ, ಅವರು ಹೇಳ್ಕೊಟ್ಟಿದ್ದು.

ಕ್ಲಾಸಿಕ್ ರಾಕ್ ಅಂದ್ರೆ ಯಾವ ವರ್ಷದಿಂದ ಯಾವ ವರ್ಷದ ತನಕ?

ಸುಮಾರು 1960ರ ದಶಕದ ಮಧ್ಯದಿಂದ 80ರ ದಶಕದ ಕೊನೆ ತನಕ ಅಂತ ಇಟ್ಕೊಂಡಿದೀವಿ. ಆದ್ರೆ ಕಾಲೇಜು ಹುಡುಗರು ಬಂದು ನಿರ್ವಾಣ ಬ್ಯಾಂಡ್ ಯಾಕಿಲ್ಲ, ಅದು ನಾವು ಹುಟ್ಟೋಕೆ ಮುಂಚೆದು, ನಮಗದು ಕ್ಲಾಸಿಕ್ಕೇ ಅಂತಾರೆ, ಅವರು ಹೇಳೋದ್ರಲ್ಲೂ ಹುರುಳಿದೆ. ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಸೋಕೆ ಮೊದಲ ರೆಕಾರ್ಡ್ ಬಂದು 25 ವರ್ಷ ಆಗಿರಬೇಕು ಅಂತ ರೂಲ್ ಇದೆ, ನಾವೂ ಅದನ್ನೇ ಎತ್ಕೊಂಡ್ವಿ. ಹಾಗಾಗಿ ನಿರ್ವಾಣ ಓಕೆ.

ನಂಗೆ ಇಂಗ್ಲಿಷ್ ಹಾಡೆಲ್ಲ ಅಷ್ಟಾಗಿ ಗೊತ್ತಿಲ್ಲ, ಭಾವಗೀತೆ ಕೇಳ್ಕೊಂಡು ಬೆಳೆದೋನು. ಬಂದ್ರೆ ಸುಮ್ನೆ ಕೂರ್ಬೇಕಾಗತ್ತಾ?

ಬನ್ನಿ, ಖಂಡಿತ ಬನ್ನಿ. ನಮ್ಮ ಆಟದಲ್ಲಿ ಒಂದೇ ಒಂದು ದೊಡ್ಡ ರೂಲು: ಪ್ರಶ್ನೆಗೆ ಒಳಗೆ ಬರೋಕೆ ಒಂದು ಬಾಗಿಲಾದ್ರೂ ಇರಬೇಕು. ಹಾಡು ಕೇಳದವರೂ ತಮಗೆ ಗೊತ್ತಿರೋದನ್ನ ಹಿಡ್ಕೊಂಡು ಉತ್ತರದ ಹತ್ರ ಬರೋ ಹಾಗಿರಬೇಕು.

ಒಂದು ಉದಾಹರಣೆ ಕೇಳಿ. ಒಂದ್ಸಲ ಹೀಗೆ ಒಂದು ಪ್ರಶ್ನೆ ಬಂತು: ಒಂಟಿ ಕಾಲಲ್ಲಿ ನಿಂತು ಕೊಳಲು ಊದೋ ಗಾಯಕ ಇರೋ ಒಂದು ಇಂಗ್ಲಿಷ್ ಬ್ಯಾಂಡು, ಹೆಸರು ಮಾತ್ರ ಬ್ಯಾಂಡಿನಲ್ಲಿ ಯಾರದ್ದೂ ಅಲ್ಲ, 1701ರ ಹೊತ್ತಿಗೆ ಕುದುರೆ ಎಳೆಯೋ ಬಿತ್ತನೆ ಯಂತ್ರ ಮಾಡಿದ ಒಬ್ಬ ಕೃಷಿಕನದ್ದು, ನಮ್ಮ ಕೂರಿಗೆ ಥರಾನೇ ಸಾಲಾಗಿ ಬೀಜ ಬೀಳ್ಸೋದು ಅದರ ಕೆಲಸ. ಬ್ಯಾಂಡ್ ಯಾವುದು? ರಾಕ್ ತಲೆಗೆ ಹಚ್ಕೊಂಡಿರೋ ಸೀನಿಯರ್‌ಗಳೆಲ್ಲ ಕೊಳಲು ಕೊಳಲು ಅಂತ ತಲೆ ಕೆರ್ಕೊಳ್ತಿದ್ರೆ ನವುಲೆ ಅಗ್ರಿ ಕಾಲೇಜಲ್ಲಿ ಓದಿದ್ದ ಹುಡುಗಿ ಒಬ್ಳು ಜೆತ್ರೋ ಟಲ್ ಅಂತ ಹೇಳೇಬಿಟ್ಳು. ಬ್ಯಾಂಡಿನ ಹೆಸರೇ ಅವಳು ಕೇಳಿರಲಿಲ್ಲ, ಅಗ್ರೊನಮಿ ಪುಸ್ತಕದಲ್ಲಿ ಉಳುಮೆಯ ಪಿತಾಮಹ ಅಂತ ಅವನ ಹೆಸರು ಬರತ್ತಂತೆ, ಎಕ್ಸಾಮಿಗೆ ಬಾಯಿಪಾಠ ಮಾಡಿದ್ದಂತೆ. ಆಮೇಲೆ ಇಯಾನ್ ಆಂಡರ್ಸನ್ ಒಂಟಿಕಾಲಲ್ಲಿ ನಿಂತಿರೋ ವಿಡಿಯೋ ಹಾಕಿದ್ವಿ, ಕೃಷ್ಣನ ಪೋಸು ಕದ್ದಿದಾನೆ ಅಂತ ಎಲ್ಲಾ ನಕ್ಕಿದ್ದೇ ನಕ್ಕಿದ್ದು. ಈಗ ಆ ಹುಡುಗಿ ನಮಗಿಂತ ಜಾಸ್ತಿ ಟಲ್ ಕೇಳ್ತಾಳೆ, ಪ್ರಶ್ನೆ ಅಂದ್ರೆ ನನ್ನ ಲೆಕ್ಕದಲ್ಲಿ ಇದು.

ಹಾಗಾದ್ರೆ ಒಳ್ಳೆ ಪ್ರಶ್ನೆ ಬರೆಯೋದು ಹೇಗೆ?

ಮೊದಲು ಕೆಟ್ಟದ್ದು ಹೇಳ್ತೀನಿ. ಡೀಪ್ ಪರ್ಪಲ್‌ದು ‘ಸ್ಮೋಕ್ ಆನ್ ದ ವಾಟರ್’ ಯಾವ ಆಲ್ಬಮ್ಮಲ್ಲಿದೆ? ಗೊತ್ತಿದ್ದೋರು ಒಂದು ಸೆಕೆಂಡಲ್ಲಿ ಮಶೀನ್ ಹೆಡ್, 1972 ಅಂತಾರೆ, ಗೊತ್ತಿಲ್ಲದೋರು ರಾತ್ರಿಯಿಡೀ ಕೂತ್ರೂ ಅಲ್ಲೇ ಇರ್ತಾರೆ. ಹೇಳಿದೋರಿಗೂ ಖುಷಿ ಇಲ್ಲ, ಕೇಳಿದೋರಿಗೂ ಇಲ್ಲ.

ಈಗ ಅದೇ ಹಾಡನ್ನ ಹೀಗೆ ಕೇಳಿ ನೋಡಿ. 1971ರ ಡಿಸೆಂಬರ್ 4, ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರು, ಜಿನೀವಾ ಸರೋವರದ ದಡದಲ್ಲೊಂದು ಕ್ಯಾಸಿನೋ. ಫ್ರಾಂಕ್ ಝಪ್ಪಾ ಅನ್ನೋ ಅಮೆರಿಕನ್ ಸಂಗೀತಗಾರನ ಶೋ ನಡೀತಿದೆ. ಜನರ ಮಧ್ಯದಿಂದ ಯಾರೋ ಒಬ್ಬ ಫ್ಲೇರ್ ಗನ್, ಅಂದ್ರೆ ಸಿಗ್ನಲ್ ಬೆಂಕಿ ಹಾರಿಸೋ ಪಿಸ್ತೂಲು, ಹಾರಿಸಿದ, ಮೇಲ್ಛಾವಣಿಗೆ ಬೆಂಕಿ ಹತ್ತಿ ಇಡೀ ಕಟ್ಟಡ ಸುಟ್ಟುಹೋಯ್ತು. ಅದೇ ಕ್ಯಾಸಿನೋದಲ್ಲಿ ರೆಕಾರ್ಡಿಂಗ್ ಮಾಡೋಣ ಅಂತ ಇನ್ನೊಂದು ಬ್ಯಾಂಡು ರೋಲಿಂಗ್ ಸ್ಟೋನ್ಸ್ ಹತ್ರ ಸ್ಟುಡಿಯೋ ಇರೋ ಟ್ರಕ್ ಬಾಡಿಗೆಗೆ ತಗೊಂಡು ಬಂದು ಕೂತಿತ್ತು. ಬೆಂಕಿ ಉರೀತಾ ಇರೋವಾಗ ಅವರಿಗೆ ಕಿಟಕಿಯಿಂದ ಸರೋವರದ ಮೇಲೆ ಕಂಡಿದ್ದು ಏನು, ಅದರಿಂದ ಹುಟ್ಟಿದ ಹಾಡು ಯಾವುದು?

ಉತ್ತರ ಪ್ರಶ್ನೆಯೊಳಗೇ ಇದೆ. ಬೆಂಕಿ, ನೀರು, ಮಧ್ಯ ಎಂತ ಇರತ್ತೆ? ಹೊಗೆ. ಬ್ಯಾಂಡ್ ಹೆಸರು ಗೊತ್ತಿಲ್ಲದೋರೂ ಇಂಗ್ಲಿಷಲ್ಲಿ ಸ್ಮೋಕ್, ವಾಟರ್ ಅಂತ ಗುನುಗೋಕೆ ಶುರು ಮಾಡ್ತಾರೆ, ಅಷ್ಟರಲ್ಲಿ ಗಿಟಾರ್ ಕಲೀತಿರೋ ಹುಡುಗ ಒಬ್ಬ ಡಂ ಡಂ ಡಂ ಅಂತ ರಿಫ್, ಅಂದ್ರೆ ಹಾಡಲ್ಲಿ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ಹೇಳೇ ಹೇಳ್ತಾನೆ, ಯಾಕಂದ್ರೆ ಗಿಟಾರ್ ಕ್ಲಾಸಿಗೆ ಸೇರಿದ ಮೊದಲ ವಾರ ಎಲ್ರೂ ನುಡಿಸೋದು ಅದನ್ನೇ. ಆಮೇಲೆ ಹಾಡು ಹಾಕಿ, ಸಾಹಿತ್ಯ ಕೇಳಿ, ನಡೆದಿದ್ದೆಲ್ಲ ವರದಿ ಬರೆದ ಹಾಗೆ ಅದರಲ್ಲೇ ಇದೆ, ಒಳಗಿದ್ದ ಹುಡುಗರನ್ನ ಹೊರಗೆ ಎಳ್ಕೊಂಡು ಬಂದ ಕ್ಲಾಡ್ ನಾಬ್ಸ್ ಕೂಡ ಇದಾನೆ, ಮಾಂಟ್ರೋ ಜಾಝ್ ಫೆಸ್ಟಿವಲ್ ನಡೆಸ್ತಿದ್ದೋನು ಅವನು. ಎಷ್ಟೋ ಸಲ ಕೇಳಿದ ಹಾಡೇ ಆದ್ರೂ ಆವತ್ತು ಎಲ್ರೂ ಕಿವಿಗೊಟ್ಟು ಕೇಳ್ತಾರೆ.

ಇನ್ನೊಂದು, ಚಿಕ್ಕದು. ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದ ಒಬ್ಬ 70ರ ದಶಕದಲ್ಲಿ ಅರ್ಧಕ್ಕೇ ಬಿಟ್ಟು 2007ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಲ್ಲಿ ಮುಗಿಸಿದ. ಮಧ್ಯ ಇಷ್ಟು ವರ್ಷ ಅವನಿಗೆ ಬಿಡುವಿಲ್ಲದ ಹಾಗೆ ಮಾಡಿದ್ದು ಎಂತದು? ಕ್ವೀನ್ ಬ್ಯಾಂಡು, ಬ್ರಯನ್ ಮೇ. ನಮ್ಮಲ್ಲಿ ಪಿಎಚ್‌ಡಿ ಎಳೀತಿರೋ ಒಬ್ಬಾತ ಇದನ್ನ ತನ್ನ ಗೈಡ್‌ಗೆ ಹೇಳ್ತೀನಿ ಅಂತಿದ್ದ.

ಯಾವ ಥರದ ಪ್ರಶ್ನೆ ತರಬಾರದು?

ಬರೀ ಇಸವಿ ಕೇಳೋದು ಬೇಡ. ‘ಮೊಟ್ಟಮೊದಲು’ ಅಂತ ಶುರುವಾಗೋ ಪ್ರಶ್ನೆಯೂ ಬೇಡ, ಯಾವುದೇ ವಿಷಯಕ್ಕೂ ಅದಕ್ಕಿಂತ ಮೊದಲಿನದು ಒಂದು ಎಲ್ಲಾದ್ರೂ ಇದ್ದೇ ಇರತ್ತೆ, ಅದನ್ನ ಗೊತ್ತಿರೋನು ಅದೇ ರೂಮಲ್ಲೇ ಕೂತಿರ್ತಾನೆ. ಯಾರು ಬೆಸ್ಟ್ ಗಿಟಾರಿಸ್ಟ್ ಅನ್ನೋದಂತೂ ಆಟ ಮುಗಿದ ಮೇಲೆ ಗೋಪಿ ಸರ್ಕಲ್ಲಲ್ಲಿ ನಿಂತ್ಕೊಂಡು ಜಗಳ ಆಡೋಕೆ.

27ನೇ ವಯಸ್ಸಿಗೆ ಸತ್ತವರ ರೌಂಡ್ ಬ್ಯಾನ್ ಆಗಿದೆ. ಸ್ಟೋನ್ಸ್‌ನ ಬ್ರಯನ್ ಜೋನ್ಸ್ ತೀರಿಕೊಂಡಿದ್ದು 1969ರ ಜುಲೈ 3, ಸರಿಯಾಗಿ ಎರಡು ವರ್ಷಕ್ಕೆ 1971ರ ಜುಲೈ 3ಕ್ಕೆ ಡೋರ್ಸ್ ಬ್ಯಾಂಡಿನ ಜಿಮ್ ಮಾರಿಸನ್, ಇಬ್ಬರಿಗೂ 27. ಹೌದು, ಕೇಳಿದ್ರೆ ಮೈ ಜುಂ ಅನ್ನತ್ತೆ, ಆದ್ರೆ ಪ್ರತಿ ಹೊಸ ಕ್ವಿಜ್ ಮಾಸ್ಟರೂ ಅದನ್ನೇ ತರ್ತಾರೆ. ಡೋರ್ಸ್ ಬಗ್ಗೆ ಕೇಳ್ಲೇಬೇಕು ಅಂತಿದ್ರೆ ಸ್ಟೇಜ್ ಮೇಲೆ ಬೇಸ್ ಗಿಟಾರಿನವನೇ ಇಲ್ಲದೆ ಅವರು ಹೇಗೆ ಮ್ಯಾನೇಜ್ ಮಾಡ್ತಿದ್ರು ಅಂತ ಕೇಳಿ. ರೇ ಮಂಝರೆಕ್ ಎಡಗೈಯಲ್ಲಿ ಕೀಬೋರ್ಡ್ ಬೇಸ್, ಬಲಗೈಯಲ್ಲಿ ಆರ್ಗನ್ ನುಡಿಸ್ತಿದ್ದ. ವಿಡಿಯೋ ನೋಡಿದ್ರೆ ಉತ್ತರ ಕಣ್ಣಿಗೇ ಕಾಣತ್ತೆ.

ಆಡಿಯೋ ರೌಂಡಲ್ಲಿ ಎಂತ ಮಾಡ್ತೀರಿ?

ಹಾಡಿನ ಹತ್ತು ಸೆಕೆಂಡು ಹಾಕಿ ಹೆಸರು ಹೇಳಿ ಅನ್ನೋದು ಸುಲಭದ್ದು, ಅದೂ ಇರತ್ತೆ. ನಂಗೆ ಇಷ್ಟ ಆಗೋದು ಲೆಕ್ಕ ಹಾಕೋ ಪ್ರಶ್ನೆ. ಪಿಂಕ್ ಫ್ಲಾಯ್ಡ್‌ದು ‘ಮನಿ’ ಅಂತ ಹಾಡಿದೆಯಲ್ಲ, ಚಿಲ್ಲರೆ ಕಾಸು, ಅಂಗಡಿ ಗಲ್ಲಾಪೆಟ್ಟಿಗೆ ಸದ್ದಿನಿಂದ ಶುರುವಾಗೋದು, ಅದನ್ನ ಹಾಕಿ ಕೈಯಲ್ಲಿ ತಾಳ ಹಾಕಿ ಅಂತೀವಿ. ರಾಕ್ ಕೇಳಿ ಅಭ್ಯಾಸ ಇರೋರು ನಾಲ್ಕಕ್ಕೆ ಹಾಕೋಕೆ ಹೋಗಿ ಎಡವ್ತಾರೆ. ಕರ್ನಾಟಕ ಸಂಗೀತ ಕಲಿತೋರು ಎರಡೇ ಸುತ್ತಿಗೆ ಅರೆ ಇದು ಏಳು, ಮಿಶ್ರಛಾಪು ಅಂತಾರೆ. ಅಲ್ಲಿಗೆ ಪ್ರಶ್ನೆ ಮುಗಿಯಲ್ಲ, ಗಿಟಾರ್ ಸೋಲೋ ಬಂದಾಗ ಏಳು ಬಿಟ್ಟು ನಾಲ್ಕಕ್ಕೆ ಬರತ್ತೆ, ಅದು ಯಾವ ಜಾಗದಲ್ಲಿ ಅಂತ ಕೈ ಎತ್ತಿ ತೋರಿಸ್ಬೇಕು. ಪೀಟರ್ ಗೇಬ್ರಿಯಲ್‌ದು ‘ಸಾಲ್ಸ್‌ಬರಿ ಹಿಲ್’ ಕೂಡ ಏಳೇ. ಜೆತ್ರೋ ಟಲ್‌ದು ‘ಲಿವಿಂಗ್ ಇನ್ ದ ಪಾಸ್ಟ್’ ಐದು. ಝೆಪೆಲಿನ್‌ದು ‘ಕಾಶ್ಮೀರ್’ ಹಾಕಿದ್ರೆ ಜಗಳ ಗ್ಯಾರಂಟಿ, ಡ್ರಮ್ ನಾಲ್ಕರಲ್ಲಿ ಹೋಗ್ತಿರತ್ತೆ, ಗಿಟಾರ್ ಮೂರರಲ್ಲಿ, ಅರ್ಧ ರೂಮು ಒಂದು, ಇನ್ನರ್ಧ ಇನ್ನೊಂದು ಹೇಳ್ತಾರೆ, ಇಬ್ರಿಗೂ ಮಾರ್ಕ್ಸ್.

ಸಂಗೀತದ ಮೇಷ್ಟ್ರು ಒಬ್ರು ಮಗಳನ್ನ ಬಿಡೋಕೆ ಬಂದವರು ಈ ರೌಂಡ್ ನೋಡಿ ಅಲ್ಲೇ ಕೂತ್ರು. ಈಗ ಅವರದ್ದೇ ಒಂದು ಟೀಮ್ ಇದೆ, ಹೆದರ್ಕೊಳ್ಬೇಕಾದ ಟೀಮು.

ಮಳೆಗಾಲದಲ್ಲೂ ನಡೆಯುತ್ತಾ?

ನಡೆಯುತ್ತೆ, ಆದ್ರೆ ಜುಲೈಯಲ್ಲಿ ಆಡಿಯೋ ರೌಂಡ್ ಇಟ್ಕೊಂಡ್ರೆ ಹಂಚಿನ ಮಾಡಿನ ಮೇಲೆ ಹೊಯ್ಯೋ ಮಳೆ ಬಿಟ್ಟು ಬೇರೇನೂ ಕೇಳಲ್ಲ, ಸ್ಪೀಕರ್ ಎಷ್ಟೇ ಜೋರು ಮಾಡಿ. ತೀರ್ಥಹಳ್ಳಿ ಕಡೆ ಮನೆಯಲ್ಲಿ ಇಟ್ಕೊಂಡಾಗಂತೂ ಕರೆಂಟೂ ಇರಲ್ಲ. ಆವಾಗ ಬಾಯಲ್ಲೇ ರಿಫ್ ಹೇಳೋ ರೌಂಡು, ಗಿಟಾರು ಡ್ರಮ್ಮು ಎಲ್ಲಾ ಬಾಯಲ್ಲೇ. ಮಳೆಗಾಲಕ್ಕೆ ಅಂತ ಒಂದು ಪ್ರಶ್ನೆ ಇಟ್ಕೊಂಡಿದೀವಿ: 1969ರ ಆಗಸ್ಟಲ್ಲಿ ಒಂದು ಡೈರಿ ಫಾರ್ಮಲ್ಲಿ ದೊಡ್ಡ ಸಂಗೀತ ಮೇಳ ಆಯ್ತು, ಮೊದಲನೇ ರಾತ್ರಿ ಮಳೇಲೇ ಸಿತಾರ್ ನುಡಿಸಿದ್ದು ಯಾರು? ರವಿಶಂಕರ್, ವುಡ್‌ಸ್ಟಾಕ್. ಮೇಳ ನಡೆದಿದ್ದು ವುಡ್‌ಸ್ಟಾಕ್ ಊರಲ್ಲಲ್ಲ, ಬೆಥೆಲ್ ಅನ್ನೋ ಊರಲ್ಲಿ, ಮ್ಯಾಕ್ಸ್ ಯಾಸ್ಗರ್ ಅನ್ನೋರ ಫಾರ್ಮಲ್ಲಿ. ಮೂರು ದಿನದ್ದು ಅಂತ ಹೇಳಿ ನಾಲ್ಕನೇ ದಿನ ಬೆಳಿಗ್ಗೆ ಜಿಮಿ ಹೆಂಡ್ರಿಕ್ಸ್ ಮುಗಿಸಿದ, ಅಷ್ಟರಲ್ಲಿ ಮುಕ್ಕಾಲುವಾಸಿ ಜನ ಮನೆ ದಾರಿ ಹಿಡಿದಿದ್ರು. ಬೆಳಗಿನ ಜಾವದ ತನಕ ಯಕ್ಷಗಾನ ನೋಡೋ ನಮ್ಮೂರ ಅಜ್ಜಂದಿರಿಗೆ ಇದನ್ನ ಹೇಳಿದ್ರೆ ಎಂತ ಜನ ಅಂತ ಬೈತಾರೆ.

ಚಿತ್ರದ ರೌಂಡ್?

ಆಲ್ಬಂ ಕವರ್‌ಗಳು. ಪಿಂಕ್ ಫ್ಲಾಯ್ಡ್‌ದು ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಪ್ರಿಸಮ್ ಎಲ್ರಿಗೂ ಗೊತ್ತು, ಟೀಶರ್ಟ್ ಹಾಕ್ಕೊಂಡೇ ಬಂದಿರ್ತಾರೆ, ಆ ಕವರಲ್ಲಿ ಎಷ್ಟು ಬಣ್ಣ ಇದೆ ಅಂದ್ರೆ ಮಾತ್ರ ಏಳು ಅಂತ ಕಣ್ಮುಚ್ಚಿ ಹೇಳ್ತಾರೆ. ಆರೇ ಇರೋದು, ಇಂಡಿಗೋ ಇಲ್ಲ. ಟೀಶರ್ಟ್ ಹಾಕಿದೋರು ತಲೆ ತಗ್ಗಿಸಿ ಎದೆ ಮೇಲೆ ಎಣಿಸೋದು ನೋಡೋಕೇ ಈ ಪ್ರಶ್ನೆ ಇಟ್ಟಿರೋದು. ಸ್ಟೋನ್ಸ್ ನಾಲಿಗೆ ಲೋಗೋ ಆರ್ಟಿಸ್ಟ್ ಆಂಡಿ ವಾರ್ಹಾಲ್ ಮಾಡಿದ್ದು ಅಂತ ತುಂಬಾ ಜನ ಅನ್ಕೊಂಡಿದಾರೆ, ಅದು ಜಾನ್ ಪ್ಯಾಶ್ ಅನ್ನೋರು ಮಾಡಿದ್ದು. ವಾರ್ಹಾಲ್ ಐಡಿಯಾ ಕೊಟ್ಟಿದ್ದು 1971ರ ‘ಸ್ಟಿಕಿ ಫಿಂಗರ್ಸ್’ ಕವರಿಗೆ.

ಉತ್ತರದ ಬಗ್ಗೆ ಜಗಳ ಬಂದ್ರೆ ಯಾರ ಮಾತು ಕೊನೆ?

ಕ್ವಿಜ್ ಮಾಸ್ಟರದ್ದು. ಆದ್ರೆ ನೂರಕ್ಕೆ ತೊಂಬತ್ತು ಜಗಳಕ್ಕೆ ಪ್ರಶ್ನೆ ಸರಿಯಾಗಿ ಬರೆಯದಿರೋದೇ ಕಾರಣ. ಬೀಟಲ್ಸ್‌ದು ಕೊನೇ ಆಲ್ಬಂ ಯಾವುದು ಅಂತ ಕೇಳಿ ನೋಡಿ. ‘ಲೆಟ್ ಇಟ್ ಬಿ’ 1970ರ ಮೇ ತಿಂಗಳಲ್ಲಿ ಬಂತು, ಅದೇ ಕೊನೆ. ಆದ್ರೆ ಅದರ ಮುಕ್ಕಾಲು ಭಾಗ ರೆಕಾರ್ಡ್ ಆಗಿದ್ದು 1969ರ ಜನವರಿಯಲ್ಲಿ, ಬಿಲ್ಡಿಂಗ್ ಟೆರೇಸ್ ಮೇಲೆ ಹತ್ತಿ ನುಡಿಸಿದ್ರಲ್ಲ, ಆ ಟೈಮು. ‘ಆಬೀ ರೋಡ್’ ರೆಕಾರ್ಡ್ ಆಗಿದ್ದು ಅದಾದಮೇಲೆ, ಹೊರಗೆ ಬಂದಿದ್ದು ಮೊದಲು, 1969ರ ಸೆಪ್ಟೆಂಬರಲ್ಲಿ. ಇಬ್ರೂ ಸರಿ. ಅದಕ್ಕೆ ಕೊನೆಗೆ ಬಿಡುಗಡೆಯಾದ ಅಂತ ಬರೀರಿ, ಒಂದು ಪದ ಜಾಸ್ತಿ ಬರೆದ್ರೆ ಪೆನ್ನಿಗೇನೂ ಆಗಲ್ಲ.

ಫೋನ್ ನೋಡಬಹುದಾ? ಎಐ ಹತ್ರ ಪ್ರಶ್ನೆ ಬರೆಸ್ಕೊಂಡು ತರಬಹುದಾ?

ಫೋನ್ ಬುಟ್ಟಿಗೆ. ಎಐ ಹತ್ರ ಬರೆಸಿದ ಪ್ರಶ್ನೆ ನೋಡಿದ ತಕ್ಷಣ ಗೊತ್ತಾಗತ್ತೆ, ಎಲ್ಲಾ ಒಂದೇ ಅಳತೆ, ಒಂದೇ ರುಚಿ, ಮಧ್ಯ ಒಂದು ತಪ್ಪು ಉತ್ತರ ಭಾರೀ ಕಾನ್ಫಿಡೆನ್ಸಲ್ಲಿ ಕೂತಿರತ್ತೆ. ನಿಮಗೆ ಇಷ್ಟ ಇರೋ ಒಂದು ಹಾಡು ಹಿಡ್ಕೊಂಡು ಕೂತು ಬರೀರಿ, ಹತ್ತು ಪ್ರಶ್ನೆ ಸಾಕು.

ಇಂಡಿಯಾ ಕನೆಕ್ಷನ್ ರೌಂಡ್ ಅಂತ ಇದೆಯಂತೆ?

ಇದೆ, ಇದು ಎಲ್ರಿಗೂ ಪ್ರೀತಿ. ಕ್ವೀನ್ ಗಾಯಕ ಫ್ರೆಡ್ಡಿ ಮರ್ಕ್ಯುರಿ ಝಾಂಜಿಬಾರಲ್ಲಿ ಹುಟ್ಟಿದ ಪಾರ್ಸಿ ಹುಡುಗ, ಫಾರೂಖ್ ಬಲ್ಸಾರಾ, ಓದಿದ್ದು ಪಂಚಗನಿಯ ಬೋರ್ಡಿಂಗ್ ಸ್ಕೂಲಲ್ಲಿ, ಅಲ್ಲೇ ಹೆಕ್ಟಿಕ್ಸ್ ಅಂತ ಬ್ಯಾಂಡ್ ಮಾಡ್ಕೊಂಡಿದ್ದ. ಇದು ಈಗ ಎಲ್ರಿಗೂ ಗೊತ್ತು, ಸ್ವಲ್ಪ ಹಳಸಿದೆ. ಇದಕ್ಕಿಂತ ಚೆಂದದ್ದು ಲೆಡ್ ಝೆಪೆಲಿನ್‌ನ ಜಿಮ್ಮಿ ಪೇಜ್, ರಾಬರ್ಟ್ ಪ್ಲಾಂಟ್ 1972ರಲ್ಲಿ ಬಾಂಬೆಗೆ ಬಂದು ಅಲ್ಲಿನ ವಾದ್ಯದವರ ಜೊತೆ ತಮ್ಮ ಎರಡು ಹಾಡು ರೆಕಾರ್ಡ್ ಮಾಡಿದ್ದು, ‘ಫ್ರೆಂಡ್ಸ್’ ಮತ್ತೆ ‘ಫೋರ್ ಸ್ಟಿಕ್ಸ್’. ಅದೇ ಪ್ಲಾಂಟ್ ‘ಕಾಶ್ಮೀರ್’ ಸಾಹಿತ್ಯ ಬರೆದಿದ್ದು ಮೊರಾಕ್ಕೋ ಮರುಭೂಮೀಲಿ ಕಾರಲ್ಲಿ ಹೋಗ್ತಾ, ಕಾಶ್ಮೀರ ನೋಡೇ ಇರ್ಲಿಲ್ಲ ಪುಣ್ಯಾತ್ಮ.

‘ದ ಹೂ’ ಬ್ಯಾಂಡಿಂದು ‘ಬಾಬಾ ಓರೈಲಿ’ ಹಾಡಲ್ಲಿ ಬಾಬಾ ಅನ್ನೋ ಪದ ಒಂದ್ಸಲಾನೂ ಬರಲ್ಲ, ಮತ್ತೆ ಬಾಬಾ ಯಾರು? ಸಾಯಿಬಾಬಾ ಅಂತಾರೆ ಎಲ್ರೂ. ಮೆಹರ್ ಬಾಬಾ, ಪುಣೆಯಲ್ಲಿ ಹುಟ್ಟಿದವರು, ಆ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ಈ ಬಾಬಾನ ಭಕ್ತ. ಓರೈಲಿ ಭಾಗ ಟೆರ್ರಿ ರೈಲಿ ಅನ್ನೋ ಅಮೆರಿಕನ್ ಸಂಗೀತಗಾರನ ಹೆಸರಿಂದ ಬಂದಿದ್ದು.

ಇನ್ನೊಂದು 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಬಾಂಗ್ಲಾದೇಶಕ್ಕೆ ಸಹಾಯ ಮಾಡೋಕೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್, ರವಿಶಂಕರ್ ಸೇರಿ ಮಾಡಿದ ಕಛೇರಿ. ರವಿಶಂಕರ್, ಅಲಿ ಅಕ್ಬರ್ ಖಾನ್ ಶುರುವಲ್ಲಿ ಒಂದೆರಡು ನಿಮಿಷ ಏನೋ ಮಾಡಿದ್ರು, ಜನ ಜೋರಾಗಿ ಚಪ್ಪಾಳೆ ಹೊಡೆದ್ರು. ಏನು ಮಾಡಿದ್ರು? ಶ್ರುತಿ ಸರಿ ಮಾಡ್ಕೊಂಡ್ರು ಅಷ್ಟೇ! ಇದೇ ಇಷ್ಟು ಇಷ್ಟ ಆದ್ರೆ ಮುಂದೆ ನುಡಿಸೋದು ಇನ್ನೂ ಇಷ್ಟ ಆಗಬಹುದು ಅಂತ ರವಿಶಂಕರ್ ಮೈಕಲ್ಲಿ ನಯವಾಗಿ ಹೇಳಿದ್ರು. ನಮ್ಮಲ್ಲಿ ಯಾವ ರಾಮನವಮಿ ಕಛೇರಿಗೆ ಹೋದೋರೂ ಇದಕ್ಕೆ ಉತ್ತರ ಹೇಳ್ತಾರೆ.

ಬೆಂಗಳೂರಿನ ಶೋಗಳ ಬಗ್ಗೆ ಕೇಳ್ತೀರಾ?

ಕೇಳ್ತೀವಿ, ಯಾಕಂದ್ರೆ ಇಲ್ಲಿಂದ ರಾತ್ರಿ ಬಸ್ಸು ಹತ್ತಿ ಹೋದವರು ಇದ್ದಾರೆ, ಅವರಿಗೆ ಹೇಳ್ಕೊಳೋಕೆ ಒಂದು ಅವಕಾಶ. ಸ್ಟೋನ್ಸ್ 2003ರ ಏಪ್ರಿಲ್, ಐರನ್ ಮೇಡನ್ 2007ರ ಮಾರ್ಚ್, ಅದೇ ವರ್ಷ ಜೂನಲ್ಲಿ ಏರೋಸ್ಮಿತ್, ಮೆಟಾಲಿಕಾ 2011ರ ಅಕ್ಟೋಬರ್ 30. ಎಲ್ಲಾ ಅರಮನೆ ಮೈದಾನದಲ್ಲೇ. ದೆಹಲಿ ಕಡೆ ಮೆಟಾಲಿಕಾ ಶೋ ಕ್ಯಾನ್ಸಲ್ ಆಗಿ ಬೆಂಗಳೂರಿನದ್ದೇ ಅವರ ಮೊದಲ ಇಂಡಿಯಾ ಶೋ ಆಗಿದ್ದು.

ಹೆಣ್ಣುಮಕ್ಕಳು ಬರ್ತಾರಾ? ಇದು ಹುಡುಗರ ಆಟ ಅಲ್ವಾ?

ಮೇಲೆ ಜೆತ್ರೋ ಟಲ್ ಕಥೆ ಓದಿ ಆಮೇಲೂ ಇದನ್ನ ಕೇಳ್ತಿದ್ರೆ ಕ್ಲೇರ್ ಟೋರಿ ಯಾರು ಅಂತ ಗೊತ್ತಾ ನಿಮಗೆ? ‘ಡಾರ್ಕ್ ಸೈಡ್’ ಆಲ್ಬಮ್ಮಲ್ಲಿ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಅಂತ ಇದೆ, ಒಂದು ಪದ ಸಾಹಿತ್ಯ ಇಲ್ಲದೆ ಬರೀ ಆಲಾಪದಲ್ಲೇ ಎದೆ ಸೀಳೋ ಹಾಗೆ ಹಾಡಿದ್ದಾರೆ. 1973ರ ಜನವರಿಯ ಒಂದು ಭಾನುವಾರ ಸಂಜೆ ಸ್ಟುಡಿಯೋಗೆ ಕರೆಸಿದ್ರು, ಅಲ್ಲೇ ಯೋಚಿಸಿ ಹಾಡಿದ್ರು, ಸಂಭಾವನೆ 30 ಪೌಂಡ್. ಆ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರ ತನಕ ಒಟ್ಟು 741 ವಾರ ಇತ್ತು. ಟೋರಿ 2004ರಲ್ಲಿ ಕೇಸ್ ಹಾಕಿದ್ರು, 2005ರಲ್ಲಿ ರಾಜಿ ಆಯ್ತು, ಈಗ ರಚನೆಯಲ್ಲಿ ಅವರ ಹೆಸರೂ ಇದೆ. ಅರ್ಧ ನಿಮಿಷ ಹಾಕಿ ಈ ಕಥೆ ಹೇಳಿ, ಈ ದನಿ ಎಷ್ಟು ದುಡ್ಡಿಗೆ ಸಿಕ್ತು ಅಂತ ಕೇಳ್ತೀವಿ. ಯಾರೂ ಅಷ್ಟು ಕಡಿಮೆ ಹೇಳಲ್ಲ.

ಅಡಿಕೆ ಕೊಯ್ಲಿನ ಟೈಮಲ್ಲಿ ಜನ ಸಿಗ್ತಾರಾ?

ಸಿಗಲ್ಲ. ಅದಕ್ಕೆ ನಾವೇ ಅಲ್ಲಿಗೆ ಹೋಗ್ತೀವಿ. ರಾತ್ರಿ ಅಡಿಕೆ ಸುಲಿಯೋ ಚಪ್ಪರದಲ್ಲಿ ಕೂತು ಪ್ರಶ್ನೆ ಕೇಳೋದು, ಕೈ ಕೆಲಸ ಕೈಗೆ, ಬಾಯಿ ಕೆಲಸ ಬಾಯಿಗೆ. ಸ್ಕೋರು ಬರೆಯಲ್ಲ. ಅಲ್ಲಿ ಯಾವಾಗ್ಲೂ ಕೇಳೋ ಪ್ರಶ್ನೆ ಟೋನಿ ಐಯೋಮಿದು. ಬರ್ಮಿಂಗ್‌ಹ್ಯಾಮಲ್ಲಿ ತಗಡಿನ ಫ್ಯಾಕ್ಟರಿ, ಹುಡುಗನಿಗೆ 17 ವರ್ಷ, ಕೆಲಸದ ಕೊನೇ ದಿನ ಮಶೀನಿಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯ್ತು. ಅವನು ಎಡಚ, ತಂತಿ ಒತ್ತೋದು ಬಲಗೈಯಲ್ಲೇ. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ, ಆಮೇಲೆ ಒತ್ತೋಕೆ ಸುಲಭ ಆಗ್ಲಿ ಅಂತ ತಂತಿ ಸಡಿಲ ಮಾಡಿ ಶ್ರುತಿ ಇಳಿಸಿದ. ಆ ಭಾರದ ಸದ್ದಿನಿಂದ ಹೆಸರು ಮಾಡಿದ ಬ್ಯಾಂಡ್ ಯಾವುದು? ಬ್ಲ್ಯಾಕ್ ಸಬ್ಬತ್. ಬೆರಳ ತುದಿ ಅಂತ ಬಂದಾಗ ಮೆಟ್ಟುಗತ್ತಿ ಮುಂದೆ ಕೂತೋರೆಲ್ಲ ಒಂದ್ಸಲ ಕೈ ನಿಲ್ಲಿಸ್ತಾರೆ. 2025ರ ಜುಲೈಯಲ್ಲಿ ಆ ಬ್ಯಾಂಡಿನ ಗಾಯಕ ಆಝಿ ಆಸ್ಬರ್ನ್ ತೀರಿಕೊಂಡ ಮೇಲೆ ಈ ಪ್ರಶ್ನೆ ಹಿಂದೆ ಹಾಡು ಹಾಕಿ ಅಂತ ಕೇಳೋರು ಜಾಸ್ತಿ ಆಗಿದಾರೆ, ಹಿರಿಯರು ಮಲಗಿರ್ತಾರೆ, ವಾಲ್ಯೂಮ್ ನೋಡ್ಕೊಳಿ.

ಕನ್ನಡ ಪ್ರಶ್ನೆ ಇರಲ್ವಾ?

ಕೊನೆಗೆ ಒಂದೆರಡು ಬೋನಸ್. ‘ಕಾಡು ಕುದುರೆ’ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದ ನಮ್ಮೂರಿನ ಹೆಸರು ಹೊತ್ತ ಗಾಯಕ ಯಾರು ಅಂತ ಯಾರಾದ್ರೂ ತರ್ತಾರೆ, ಶಿವಮೊಗ್ಗದಲ್ಲಿ ಅದಕ್ಕೆ ಮಾರ್ಕ್ಸ್ ಕೊಡಲ್ಲ.

ಗಿಟಾರ್ ಬರಬೇಕಾ?

ಬೇಡ. ಬಂದ್ರೆ ದಯವಿಟ್ಟು ತರಬೇಡಿ, ಒಬ್ರು ತಂದ್ರೆ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಶುರುವಾಗಿ ಕ್ವಿಜ್ ಅಲ್ಲಿಗೇ ನಿಲ್ಲತ್ತೆ.

ಗೆದ್ದೋರಿಗೆ ಎಂತ ಕೊಡ್ತೀರಿ?

ಒಂದು ಕಟ್ಟು ಹಲಸಿನ ಹಪ್ಪಳ, ಮತ್ತೆ ಮುಂದಿನ ಸಲದ ಪ್ರಶ್ನೆ ಬರೆಯೋ ಕೆಲಸ. ಎರಡನೇದು ತಪ್ಪಿಸ್ಕೊಳೋಕೆ ಬೇಕಂತಲೇ ಸೋಲೋ ಟೀಮುಗಳಿವೆ, ಯಾರು ಅಂತ ನಮಗೆ ಗೊತ್ತು.

ಎಂಟ್ರಿ ಫೀಸ್?

ಇಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಾಫಿ ಖರ್ಚು ಹಂಚ್ಕೊಳೋದು. ಲೇಟಾಗಿ ಬಂದೋರು ಪೂರ್ತಿ ಕೊಡಬೇಕು, ಬಜ್ಜಿ ಮಾತ್ರ ಉಳಿದಿರತ್ತೆ ಅಂತ ಗ್ಯಾರಂಟಿ ಇಲ್ಲ.